ಬ್ಯಾಟರಿ ಚಾಲಿತ ಸೈಕಲ್‌ಗಳಿಗೆ ಎಲ್‌ಇಡಿ ದೀಪ ಅಳವಡಿಕೆ: ಸಾರ್ವಜನಿಕರ ಮಾಹಿತಿಗಾಗಿ

ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 2(ಯು) ಪ್ರಕಾರ, ಮೂವತ್ತು ನಿಮಿಷಗಳ ಸಾಮರ್ಥ್ಯವು 250 ವ್ಯಾಟ್‌ಗಿಂತ ಹಾಗೂ ಗರಿಷ್ಠ ವೇಗವು ಗಂಟೆಗೆ 25 ಕಿ.ಮೀ.ಗಿಂತ ಕಡಿಮೆಯಿರುವ ಬ್ಯಾಟರಿ ಚಾಲಿತ ವಾಹನವು, ಸದರಿ ನಿಯಮದ ಇತರ ಷರತ್ತುಗಳನ್ನು ಪೂರೈಸಿದಲ್ಲಿ, ಮೋಟಾರು ವಾಹನವೆಂದು ಪರಿಗಣಿತವಾಗುವುದಿಲ್ಲ. ಇದಕ್ಕೆ ನೋಂದಣಿ ಅಗತ್ಯವಿಲ್ಲ. ಆದರೆ ಮುಂಭಾಗದಲ್ಲಿ ಬಿಳಿ, ಹಿಂಭಾಗದಲ್ಲಿ ಕೆಂಪು ಪ್ರತಿಫಲಕ ಇರತಕ್ಕದ್ದು. ಪ್ರತಿಫಲಕವು ಅನ್ಯ ವಾಹನದ ಬೆಳಕು ಬಿದ್ದಾಗ ಮಾತ್ರ ಹೊಳೆಯುತ್ತದೆ. ರಸ್ತೆಯ ಗುಂಡಿಯನ್ನು ಸವಾರನಿಗೆ ತೋರಿಸುವುದಿಲ್ಲ. ಆದುದರಿಂದ ರಾತ್ರಿ ಸಂಚರಿಸುವವರಿಗೆ ದೀಪ ಅವಶ್ಯಕ.

ದೀಪ ಉರಿಸಿದರೆ ಬ್ಯಾಟರಿ ಬೇಗ ಬರಿದಾಗುವುದೆಂಬ ಆತಂಕಕ್ಕೆ ಆಧಾರವಿಲ್ಲ. 36 ವೋಲ್ಟ್, 10 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 360 ವ್ಯಾಟ್-ಗಂಟೆ ಶಕ್ತಿಯಿರುತ್ತದೆ. 6 ವ್ಯಾಟ್‌ನ ಎಲ್‌ಇಡಿ ದೀಪವು ಎರಡು ಗಂಟೆಗಳಲ್ಲಿ, ಪರಿವರ್ತಕದ ನಷ್ಟವೂ ಸೇರಿ, ಸುಮಾರು 14 ವ್ಯಾಟ್-ಗಂಟೆ, ಅಂದರೆ ಶೇಕಡಾ 4ರಷ್ಟನ್ನು ಮಾತ್ರ ಬಳಸುತ್ತದೆ.

ಅಪಾಯವಿರುವುದು ಜೋಡಣೆಯ ಕ್ರಮದಲ್ಲಿ. 12 ವೋಲ್ಟ್ ದೀಪವನ್ನು 36 ವೋಲ್ಟ್‌ಗೆ ನೇರವಾಗಿ ಜೋಡಿಸಿದಲ್ಲಿ ಅದು ಸುಟ್ಟುಹೋಗುತ್ತದೆ. ಇದನ್ನು ತಪ್ಪಿಸಲು ಕೆಲವರು ಸರಣಿಯಲ್ಲಿರುವ ಮೂರು ಸೀಸ-ಆಮ್ಲ ಬ್ಯಾಟರಿಗಳ ಪೈಕಿ ಒಂದರಿಂದ ಮಾತ್ರ ತಂತಿ ಎಳೆಯುತ್ತಾರೆ. ದೀಪವೇನೋ ಉರಿಯುತ್ತದೆ. ಆದರೆ ಆ ಒಂದು ಬ್ಯಾಟರಿಯು ದಿನವೂ ಉಳಿದವುಗಳಿಗಿಂತ ಹೆಚ್ಚು ಬರಿದಾಗುತ್ತದೆ. ಚಾರ್ಜರ್ ಮೂರಕ್ಕೂ ಒಂದೇ ಪ್ರಮಾಣದ ವಿದ್ಯುತ್ ಹರಿಸುವುದರಿಂದ ಈ ಕೊರತೆ ತುಂಬದೆ, ಕೆಲವು ತಿಂಗಳಲ್ಲಿ ಇಡೀ ಬ್ಯಾಟರಿ ಸಮೂಹವೇ ನಿರುಪಯುಕ್ತವಾಗಬಹುದು. ಲಿಥಿಯಂ ಬ್ಯಾಟರಿಯ ಪೆಟ್ಟಿಗೆಯನ್ನು ಬಿಚ್ಚಿ ಹೀಗೆ ಮಾಡುವುದು ರಕ್ಷಣಾ ಮಂಡಲವನ್ನು ತಪ್ಪಿಸಿದಂತಾಗಿ, ಬೆಂಕಿಗೂ ಕಾರಣವಾಗಬಹುದು.

ಸರಿಯಾದ ಕ್ರಮವೆಂದರೆ, ಬ್ಯಾಟರಿಯ ಮುಖ್ಯ ಹೊರತಂತಿಗಳಿಂದಲೇ ಡಿಸಿ-ಡಿಸಿ ಪರಿವರ್ತಕದ ಮೂಲಕ 12 ವೋಲ್ಟ್ ಪಡೆಯುವುದು. 36 ವೋಲ್ಟ್‌ನ ಲಿಥಿಯಂ ಬ್ಯಾಟರಿಯು ಪೂರ್ಣ ಚಾರ್ಜ್ ಆದಾಗ 42 ವೋಲ್ಟ್ ಇರುವುದರಿಂದ, ಪರಿವರ್ತಕವು ಅದಕ್ಕಿಂತ ಹೆಚ್ಚಿನ ವೋಲ್ಟೇಜ್ ತಡೆಯುವಂತಿರತಕ್ಕದ್ದು. ಧನ ತಂತಿಯಲ್ಲಿ, ಬ್ಯಾಟರಿಗೆ ಸಮೀಪವಾಗಿ, 1 ಆಂಪಿಯರ್ ಫ್ಯೂಸ್ ಅಳವಡಿಸುವುದು. ಸ್ವಿಚ್ಚನ್ನು ಪರಿವರ್ತಕಕ್ಕಿಂತ ಮೊದಲು ಇರಿಸಿದಲ್ಲಿ, ವಾಹನ ನಿಂತಿರುವಾಗ ಪರಿವರ್ತಕವು ವ್ಯರ್ಥವಾಗಿ ವಿದ್ಯುತ್ ಬಳಸುವುದಿಲ್ಲ. ಮಳೆಗಾಲದಲ್ಲಿ ಕೀಲುಗಳಿಗೆ ನೀರು ತಾಗದಂತೆ ಮುಚ್ಚುವುದು ಅಗತ್ಯ. ಅಂಟುಪಟ್ಟಿ ಮಾತ್ರ ಸುತ್ತಿದರೆ ಸಾಲದು.

ನೋಂದಾಯಿತ ವಿದ್ಯುತ್ ದ್ವಿಚಕ್ರ ವಾಹನಗಳ ಪರಿವರ್ತನೆಗೆ ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 52ರ ನಿರ್ಬಂಧಗಳು ಅನ್ವಯಿಸುವುದರಿಂದ, ಅಂತಹ ವಾಹನದ ಮಾಲೀಕರು ದೀಪ ವ್ಯವಸ್ಥೆಯನ್ನು ಬದಲಿಸುವ ಮುನ್ನ ನೋಂದಣಿ ಪ್ರಾಧಿಕಾರದಲ್ಲಿ ವಿಚಾರಿಸತಕ್ಕದ್ದು.