ವಿಮಾನದ ರೆಕ್ಕೆಯೂ ಅರದ ಕೆಲಸವೂ

ನಮ್ಮ ರಿಪ್ಪನ್‌ಪೇಟೆಯಲ್ಲಿ ನನ್ನ ಬಳಿ ಸಂಸ್ಕೃತವನ್ನು ಓದಿದ ಹುಡುಗನೊಬ್ಬನು ಈಗ ಅಮೆರಿಕೆಯಲ್ಲಿ ಸಂಸಾರವಂದಿಗನಾಗಿರುವನು. ಶಬ್ದರೂಪಗಳನ್ನು ಒಪ್ಪಿಸುವಾಗ ದ್ವಿವಚನವನ್ನು ಹಾರಿಸಿಬಿಡುತ್ತಿದ್ದ ಅವಸರದ ಹುಡುಗನಾತನು. ಅಂಥವನು ಮನೆಯ ಕಾರುಶೆಡ್ಡಿನಲ್ಲಿ ಇಬ್ಬರು ಕೂರತಕ್ಕ ವಿಮಾನವೊಂದನ್ನು ಸ್ವಹಸ್ತದಿಂದ ಕಟ್ಟುತ್ತಿರುವನೆಂದು ಕೇಳಿ ನನಗೆ ಸಂತೋಷಕ್ಕಿಂತಲೂ ಭಯವೇ ಹೆಚ್ಚಾಯಿತು. ಮೂರು ತಿಂಗಳು ಕಳೆದ ಬಳಿಕ, “ರೆಕ್ಕೆ ಎಷ್ಟಾಯಿತಪ್ಪಾ?” ಎಂದು ದೂರವಾಣಿಯಲ್ಲಿ ವಿಚಾರಿಸಿದೆನು. “ಇನ್ನೂ ಒಂದು ರಿವೆಟ್ಟನ್ನೂ ಹೊಡೆದಿಲ್ಲ, ಮೇಷ್ಟ್ರೇ, ಅಂಚು ತಿಕ್ಕುತ್ತಿದ್ದೇನೆ” ಎಂದನು. ಇದು ಸೋಮಾರಿತನವೆಂದು ನಾನು ಬಗೆದೆನು. ಹಾಗೆ ಬಗೆದದ್ದು ತಪ್ಪೆಂದು ಒಪ್ಪಿಕೊಳ್ಳುವುದಕ್ಕಾಗಿಯೇ ಈ ಲೇಖನ.

ಇಂಥ ವಿಮಾನದ ಭಾಗಗಳನ್ನು ಕಾರ್ಖಾನೆಯವರು ಕತ್ತರಿಸಿ, ಅಚ್ಚಿನಲ್ಲಿ ಒತ್ತಿ, ಪೆಟ್ಟಿಗೆಗಳಲ್ಲಿ ತುಂಬಿ ಮಾರುವರು. ಭಾಗಗಳನ್ನು ತರಿಸಿ ಜೋಡಿಸುವುದು ನಮ್ಮ ನಾಡಿಗೂ ಹೊಸತಲ್ಲ. ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಾಯದಿಂದ 1940ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಿಂದ 1941ರಲ್ಲಿ ಮೊತ್ತಮೊದಲು ಹಾರಿದ ಹಾರ್ಲೋ ವಿಮಾನವೂ ಅಮೆರಿಕೆಯಿಂದ ಬಂದ ಭಾಗಗಳನ್ನು ಜೋಡಿಸಿದ ಲೋಹವಿಮಾನವೇ ಆಗಿದ್ದಿತು.

ರೆಕ್ಕೆಯ ರಚನೆಯನ್ನು ತಿಳಿಯಬೇಕಾದರೆ ಮಲೆನಾಡಿನ ಹಂಚಿನ ಮಾಡನ್ನು ನೆನೆಯಿರಿ. ಉದ್ದಕ್ಕೆ ತೊಲೆ, ಅಡ್ಡಲಾಗಿ ಪಕ್ಕೆಲುಬುಗಳು, ಮೇಲೆ ತಗಡಿನ ಹೊದಿಕೆ. ಭೇದವಿಷ್ಟೇ: ಹಂಚು ಮಾಡಿಗೆ ಭಾರ, ರೆಕ್ಕೆಯ ಹೊದಿಕೆಯಾದರೋ ತಾನೂ ಭಾರವನ್ನು ಹೊರುವುದು. ಆ ತಗಡು ಒಂದು ಮಿಲಿಮೀಟರಿಗಿಂತಲೂ ತೆಳುವು. ಅಲ್ಯೂಮಿನಿಯಮ್ಮಿಗೆ ನೂರಕ್ಕೆ ಸುಮಾರು 4 ಪಾಲು ತಾಮ್ರವನ್ನು ಬೆರಸುವುದರಿಂದ ಬಲವು ಬರುವುದು; ಆದರೆ ಅದರಿಂದಲೇ ತೇವಕ್ಕೆ ಸವೆಯುವ ದೋಷವೂ ಬರುವುದು. ಆದುದರಿಂದ ಎರಡು ಮೈಗೂ ಶುದ್ಧ ಅಲ್ಯೂಮಿನಿಯಮ್ಮಿನ ಅತಿ ತೆಳುವಾದ ಪದರವನ್ನು ಕೊಟ್ಟಿರುವರು. ಗೀರು ಬಿದ್ದಲ್ಲಿ ಆ ಕವಚವು ಹರಿದಂತೆಯೇ ಸರಿ.

ಮೊದಲನೆಯ ಕೆಲಸವೆಂದರೆ ಪ್ರತಿಯೊಂದು ಅಂಚನ್ನೂ ಅರದಿಂದ ಉದ್ದುದ್ದಕ್ಕೆ ತಿಕ್ಕಿ, ಬೆರಳಾಡಿಸಿದರೆ ಎಲ್ಲಿಯೂ ತಡೆಯದಂತೆ ನಯಮಾಡುವುದು. ಅಚ್ಚಿನಲ್ಲಿ ಒತ್ತುವಾಗ ಪಕ್ಕೆಲುಬು ತುಸು ಡೊಂಕಾಗಿರುವುದು. ಅದರ ಮಡಿಕೆಯಲ್ಲಿ ರಂಧ್ರಗಳ ನಡುನಡುವೆ ಇಕ್ಕಳದಿಂದ ಸಣ್ಣ ನಿರಿಗೆಗಳನ್ನು ಹಿಡಿದು ನೇರಮಾಡಬೇಕು. ಬಳಿಕ ಎಲ್ಲವನ್ನೂ ಸ್ಪ್ರಿಂಗಿನ ಪಿನ್ನುಗಳಿಂದ ತಾತ್ಕಾಲಿಕವಾಗಿ ಜೋಡಿಸಿ, ರಂಧ್ರಗಳನ್ನು ಬೈರಿಗೆಯಿಂದ ಸರಿಯಾದ ಅಳತೆಗೆ ತಂದು, ಮತ್ತೆ ಎಲ್ಲವನ್ನೂ ಬಿಚ್ಚುವುದು! ಕೊರೆದಾಗ ಎದ್ದ ಮುಳ್ಳನ್ನು ಒಂದೊಂದು ರಂಧ್ರದಿಂದಲೂ ಹಗುರವಾದ ಕೈಯಿಂದ ತೆಗೆಯಬೇಕು. ಹೆಚ್ಚು ತಿರುವಿದರೆ ರಂಧ್ರವೇ ಕೆಡುವುದು. ರಿವೆಟ್ಟಿನ ತಲೆಯು ಗಾಳಿಗೆ ಅಡ್ಡಬಾರದಂತೆ ರಂಧ್ರದ ಸುತ್ತ ತಗ್ಗನ್ನು ಒತ್ತಿ, ಜಿಡ್ಡನ್ನು ತೊಳೆದು, ಬೇಕಾದೆಡೆ ರಕ್ಷಕ ಬಣ್ಣವನ್ನು ಬಳಿದ ಮೇಲೆಯೇ ರಿವೆಟ್ಟಿನ ಸರದಿ.

ಇಷ್ಟೊಂದು ನಿಷ್ಠೆಯೇಕೆ? ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿದರೆ ಕಚ್ಚು ಬಿದ್ದಲ್ಲಿಯೇ ಮುರಿಯುವುದಷ್ಟೆ. ಹಾರುವಾಗ ರೆಕ್ಕೆಯೂ ಎಡೆಬಿಡದೆ ಬಳುಕುವುದು; ಒರಟಾಗಿ ಉಳಿದ ಅಂಚಿನಿಂದಲೇ ಬಿರುಕು ಹುಟ್ಟಬಹುದು. 1954ರಲ್ಲಿ ಎರಡು ಕಾಮೆಟ್ ವಿಮಾನಗಳು ಆಕಾಶದಲ್ಲಿಯೇ ಒಡೆದು 56 ಜನರು ಮೃತರಾದರು. ರೆಕ್ಕೆಯಲ್ಲವಾದರೂ ಅವುಗಳ ಒಡಲಿನ ತಗಡೇ, ಗಾಳಿಯ ಒತ್ತಡವು ಪದೇಪದೇ ಏರಿಳಿದುದರಿಂದ ಬಳಲಿ, ಕಿಂಡಿಯ ಬಳಿಯ ರಂಧ್ರದ ಅಂಚಿನಿಂದ ಬಿರಿದಿದ್ದಿತೆಂದು ಪರೀಕ್ಷಕರು ಕಂಡುಹಿಡಿದರು.

ಕಳೆದ ತಿಂಗಳು ನನ್ನ ಶಿಷ್ಯನು ಒಂದು ಪಕ್ಕೆಲುಬನ್ನು ಎಸೆದು ಬೇರೊಂದನ್ನು ತರಿಸಿದನಂತೆ. ಮಡಿಕೆಯಲ್ಲಿ ಉಗುರಿನ ಗುರುತಿನಷ್ಟು ಕಚ್ಚು ಬಿದ್ದಿದ್ದಿತಂತೆ. “ಹೊದಿಕೆ ಮುಚ್ಚಿದ ಮೇಲೆ ಯಾರ ಕಣ್ಣಿಗೂ ಬೀಳುವುದಿಲ್ಲವಲ್ಲಪ್ಪಾ” ಎಂದೆನು.

“ಅದಕ್ಕೇ ಎಸೆದೆ, ಮೇಷ್ಟ್ರೇ. ಮುಂದೆ ಪಕ್ಕದಲ್ಲಿ ಕೂರುವವಳು ನನ್ನ ಹೆಂಡತಿ” ಎಂದನು.

ದ್ವಿವಚನವನ್ನು ಹಾರಿಸುತ್ತಿದ್ದ ಹುಡುಗನು ಇಬ್ಬರ ಲೆಕ್ಕವನ್ನು ಕಲಿತನು. ಅದನ್ನು ಕಲಿಸಿದ್ದು ನಾನಲ್ಲ, ಅವನ ಕೈಯಲ್ಲಿನ ಅರ. ಈಗ ನಾನು ಆತನನ್ನು “ಎಷ್ಟಾಯಿತು?” ಎಂದು ಕೇಳುವುದಿಲ್ಲ, “ನಯವಾಯಿತೇ?” ಎಂದು ಕೇಳುತ್ತೇನೆ.