ಬೆಳಗಿನ ರಾಗಿ ರೊಟ್ಟಿಯನ್ನು ಮರೆಯದಿರಿ

ಚಿಕ್ಕರಸಿನಕೆರೆ ಸುತ್ತಮುತ್ತಲ ಹಳ್ಳಿಗಳಲ್ಲಿ ಹಿಂದೆ ಬೆಳಗಿನ ಊಟವೆಂದರೆ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಇಲ್ಲವೇ ತಂಗಳು ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ, ಉಪ್ಪು, ಈರುಳ್ಳಿ ಹಾಕಿ ಕುಡಿಯುವುದು. 1930ರ ದಶಕದಲ್ಲಿ ಕನ್ನಂಬಾಡಿ ಕಟ್ಟೆಯ ನೀರು ನಾಲೆಗೆ ಬಂದ ಮೇಲೆ ಸೀಮೆಯಲ್ಲಿ ಭತ್ತ, ಕಬ್ಬು ಹೆಚ್ಚಿದವು. ಈಗ ಅನೇಕ ಮನೆಗಳಲ್ಲಿ ಬೆಳಿಗ್ಗೆ ಚಿತ್ರಾನ್ನ ಅಥವಾ ಇಡ್ಲಿ. ಗದ್ದೆಗೆ ಹೊರಟವರಿಗೆ ಬರೀ ಟೀ, ಬನ್ನು.

ಇದರಿಂದ ಆಗುವ ನಷ್ಟವೇನು? 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ, ಅಂದರೆ ಸುಣ್ಣದ ಅಂಶವಿದೆ. ಅಷ್ಟೇ ಪಾಲಿಷ್ ಅಕ್ಕಿಯಲ್ಲಿ ಇರುವುದು 10 ಮಿಲಿಗ್ರಾಂ ಆಸುಪಾಸು. ನಾರಿನಂಶವೂ ರಾಗಿಯಲ್ಲೇ ಹೆಚ್ಚು. ಬೆಳೆಯುವ ಮಕ್ಕಳಿಗೆ, ಗರ್ಭಿಣಿಯರಿಗೆ, ಮುಟ್ಟು ನಿಂತ ಹೆಂಗಸರಿಗೆ ಇದು ಸಣ್ಣ ಮಾತಲ್ಲ. ರಾಗಿಯನ್ನು ಮೊಳಕೆ ಬರಿಸಿ ಹಿಟ್ಟು ಮಾಡಿಸಿದರೆ ಅದರಲ್ಲಿನ ಖನಿಜಗಳು ಮೈಗೆ ಇನ್ನೂ ಚೆನ್ನಾಗಿ ಹತ್ತುತ್ತವೆ.

ದೂರದ ಮೆಕ್ಸಿಕೋ ದೇಶದವರ ಬೆಳಗಿನ ಊಟದಲ್ಲೂ ರೊಟ್ಟಿಯೇ ಮುಖ್ಯ. ಅವರು ಮುಸುಕಿನ ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ರುಬ್ಬಿ ರೊಟ್ಟಿ ಸುಟ್ಟು ಹುರುಳಿಕಾಯಿ ಬೀಜದ ಪಲ್ಯದೊಡನೆ ತಿನ್ನುತ್ತಾರೆ. ಸುಣ್ಣದಿಂದ ಜೋಳದಲ್ಲಿ ಅಡಗಿರುವ ನಯಾಸಿನ್ ಎಂಬ ಜೀವಸತ್ವ ದೇಹಕ್ಕೆ ದಕ್ಕುತ್ತದೆ. ಯೂರೋಪಿನವರು ಜೋಳವನ್ನು ಒಯ್ದರು, ಸುಣ್ಣದ ಕ್ರಮವನ್ನು ಬಿಟ್ಟರು. 18ನೇ ಶತಮಾನದಲ್ಲಿ ಸ್ಪೇನ್, ಇಟಲಿಯ ಬಡವರನ್ನು ಪೆಲಾಗ್ರ ರೋಗ ಕಾಡಿತು. ಧಾನ್ಯದಷ್ಟೇ ಅದನ್ನು ಉಣ್ಣುವ ಕ್ರಮವೂ ಮುಖ್ಯ. ನಮ್ಮ ಹಿರಿಯರು ರಾಗಿಯ ಜೊತೆ ಅವರೆಕಾಳು, ಸೊಪ್ಪು, ಮಜ್ಜಿಗೆ ಇಟ್ಟುಕೊಂಡದ್ದೂ ಅಂಥದೇ ಕ್ರಮ. ತಿಂಡಿಯ ಜೊತೆಗೇ ಟೀ ಕುಡಿದರೆ ಕಬ್ಬಿಣದ ಅಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಟೀ ಒಂದು ಗಂಟೆ ತಡವಾಗಲಿ. ರೊಟ್ಟಿಗೆ ನುಗ್ಗೆ ಸೊಪ್ಪು, ಪಲ್ಯಕ್ಕೆ ನಿಂಬೆ ರಸ ಸೇರಲಿ.

ಮದ್ದೂರು ವಡೆ ನಮ್ಮ ತಾಲ್ಲೂಕಿನ ಹೆಮ್ಮೆ, ನಿಜ. ಆದರೆ ಅದು ಕರಿದ ತಿಂಡಿ, ದಿನವೂ ಬೇಡ.

ಸಕ್ಕರೆ ಕಾಯಿಲೆಯವರಿಗೆ ಎರಡು ಮಾತು. ರಾಗಿಯಲ್ಲಿ ಸಕ್ಕರೆಯೇ ಇಲ್ಲವೆಂಬುದು ತಪ್ಪು ತಿಳಿವಳಿಕೆ. 100 ಗ್ರಾಂನಲ್ಲಿ ಸುಮಾರು 70 ಗ್ರಾಂ ಪಿಷ್ಟವೇ. ನುಣುಪಾದ ಗಂಜಿಗಿಂತ ಕಾಳು, ಸೊಪ್ಪಿನ ಜೊತೆ ಒಂದೆರಡು ರೊಟ್ಟಿ ಮೇಲು.

ಎರಡನೆಯದು ಪ್ರಾಣಕ್ಕೆ ಸಂಬಂಧಿಸಿದ್ದು. ಇನ್ಸುಲಿನ್ ಅಥವಾ ಕೆಲವು ಮಾತ್ರೆ ತೆಗೆದುಕೊಂಡು, ಏನೂ ತಿನ್ನದೆ ಕಬ್ಬು ಕಡಿಯಲು ಹೋದರೆ ರಕ್ತದ ಸಕ್ಕರೆ ಇದ್ದಕ್ಕಿದ್ದಂತೆ ಇಳಿಯಬಹುದು. ಬೆವರು, ನಡುಕ, ಎದೆಬಡಿತ, ಮಂಕು ಇದರ ಲಕ್ಷಣ. ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ. ಚೇತರಿಸಿಕೊಂಡ ಮೇಲೆ ಊಟ ಕೊಟ್ಟು ವೈದ್ಯರಿಗೆ ತೋರಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಮೂತ್ರಪಿಂಡದ ತೊಂದರೆ ಇರುವವರು ರಾಗಿ, ಕಾಳುಗಳ ಪ್ರಮಾಣವನ್ನು ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು. ಉಳಿದವರು ವಾರಕ್ಕೆ ಮೂರು ದಿನವಾದರೂ ಬೆಳಿಗ್ಗೆ ಹೆಂಚಿನ ಮೇಲೆ ರಾಗಿ ರೊಟ್ಟಿ ಹಾಕಿ. ಮೊದಲು ಹೊಲಕ್ಕೆ ಹೋಗುವವರ ಬುತ್ತಿಗೆ, ಆಮೇಲೆ ಶಾಲೆಗೆ ಹೋಗುವ ಮಕ್ಕಳ ತಟ್ಟೆಗೆ.