ಕೆನೆಯ ಮೇಲಿನ ಸುಕ್ಕು

ಕಾಯಿಸಿದ ಹಾಲು ಆರುವಾಗ ಕೆನೆ ಕಟ್ಟುತ್ತದಲ್ಲ, ಅದಕ್ಕೆ ಬೆರಳು ತಾಗಿಸಿ ಮೆಲ್ಲಗೆ ಎಳೆದರೆ ಸುತ್ತ ಸುಕ್ಕು ಬೀಳುತ್ತದೆ. ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಆಲ್ಬರ್ಟ್ ಹ್ಯಾರಿಸ್ ಮತ್ತು ಸಂಗಡಿಗರು 1980ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ವರದಿ ಮಾಡಿದ್ದು ಹೆಚ್ಚುಕಡಿಮೆ ಇದನ್ನೇ. ಮಂದವಾದ ಸಿಲಿಕೋನ್ ದ್ರವದ ಮೇಲೆ ಅರೆಗಳಿಗೆ ಬೆಂಕಿ ಆಡಿಸಿದರು. ಮೇಲ್ಮೈಯಷ್ಟೇ ಬಲಿತು, ಮಿಲಿಮೀಟರಿನ ಸಾವಿರದೊಂದು ಭಾಗದಷ್ಟು ತೆಳುವಾದ ರಬ್ಬರ್ ಪೊರೆಯಾಯಿತು. ಅದರ ಮೇಲೆ ಜೀವಕೋಶಗಳನ್ನು ಬಿಟ್ಟರು. ಅವು ತೆವಳಿದಲ್ಲೆಲ್ಲ ಪೊರೆ ಸುಕ್ಕುಗಟ್ಟಿತು.

ಹಳೆಯದೊಂದು ತಕರಾರಿಗೂ ಆ ಸುಕ್ಕಿನಲ್ಲಿ ಉತ್ತರವಿತ್ತು. ರಕ್ತರಸದ ಹೆಪ್ಪಿನಲ್ಲಿ ಅಂಗಾಂಶದ ಎರಡು ತುಣುಕು ಇಟ್ಟರೆ ನಡುವಿನ ಎಳೆಗಳು ಬಿಗಿದು ಸಾಲುಗೂಡುತ್ತವೆ, ಕೋಶಗಳು ಆ ಸಾಲು ಹಿಡಿದೇ ಸಾಗುತ್ತವೆ ಎಂಬುದನ್ನು ಜೀವವಿಜ್ಞಾನಿ ಪಾಲ್ ವೈಸ್ ದಶಕಗಳ ಹಿಂದೆಯೇ ಕಂಡಿದ್ದರು. ಹೆಪ್ಪು ನೀರು ಕಳೆದುಕೊಂಡು ಕುಗ್ಗುವುದೇ ಕಾರಣ ಎಂಬುದು ಅಂದಿನ ವಿವರಣೆ. ಅಲ್ಲ, ಎಳೆಯುತ್ತಿರುವುದು ಕೋಶಗಳೇ ಎಂದು ಹ್ಯಾರಿಸ್ ಕಣ್ಣಿಗೆ ಕಟ್ಟುವಂತೆ ತೋರಿಸಿದರು. ಅದೂ ತೆವಳುವುದಕ್ಕೆ ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು ಜೋರಾಗಿ!

ಎಳೆಯುವ ಕೋಶಕ್ಕೆ ತಾನು ಹಿಡಿದ ಆಸರೆ ಎಷ್ಟು ಗಟ್ಟಿ ಎಂಬುದೂ ಮುಖ್ಯ. ನಮ್ಮ ದೊಡ್ಡಮ್ಮ ಸ್ನಾನದ ಹೊತ್ತಿನಲ್ಲಿ ಕೈಗೆ ಸಿಕ್ಕ ಎದೆಗಂಟನ್ನು "ಹುಣಸೆಬೀಜದ ಹಾಗೆ ಗಟ್ಟಿ" ಎಂದಿದ್ದರು. ಬೆರಳಿಗೆ ಗೊತ್ತಿದ್ದ ಈ ಗಟ್ಟಿತನವನ್ನು ಪ್ರಯೋಗಾಲಯಗಳು ಅಷ್ಟು ಕಾಲ ಲೆಕ್ಕಕ್ಕೇ ಇಡಲಿಲ್ಲವಲ್ಲ ಎಂದು ನನಗೆ ಸಂಕಟವಾಗುತ್ತದೆ. ಎದೆಯ ಮೆದು ಅಂಗಾಂಶಕ್ಕಿಂತ ಲಕ್ಷಾಂತರ ಪಟ್ಟು ಗಡುಸಾದ ಪ್ಲಾಸ್ಟಿಕ್ ತಟ್ಟೆಯಲ್ಲಿ ಕೋಶ ಬೆಳೆಸಿ, ಅದರ ನಡತೆ ಬರೆದುಕೊಂಡರು.

ಆ ಗಟ್ಟಿತನವನ್ನು ಲೆಕ್ಕಕ್ಕೆ ತೆಗೆದುಕೊಂಡು, ಮೆದು, ಗಡಸು ಎರಡೂ ಭಾಗಗಳಿರುವ ಜೆಲ್ ಮಾಡಿದವರು ಯು-ಲಿ ವಾಂಗ್ ಅವರ ತಂಡ. ಮೆದುವಿನಿಂದ ಬಂದ ಕೋಶಗಳು ಗಡಿ ದಾಟಿ ಗಡಸಿಗೆ ಹೋದವು, ಗಡಸಿನಲ್ಲಿದ್ದವು ಗಡಿಯಲ್ಲೇ ಹಿಂದಿರುಗಿದವು. ಅದು 2000ನೇ ಇಸವಿ. 2005ರಲ್ಲಿ ವ್ಯಾಲರೀ ವೀವರ್ ಅವರ ಗುಂಪು, ಆಸರೆ ಗಟ್ಟಿಯಾದಂತೆ ಸ್ತನದ ಕೋಶಗಳು ತಮ್ಮ ಅಚ್ಚುಕಟ್ಟು ಕಳೆದುಕೊಂಡು ಕ್ಯಾನ್ಸರಿನ ಲಕ್ಷಣ ತೋರುವುದನ್ನು ಕಂಡಿತು.

ಮರುವರ್ಷ ವಿಸ್ಕಾನ್ಸಿನ್‌ನ ಪೆಟ್ರೀಷಿಯಾ ಕೀಲಿ ಅವರ ತಂಡ ಇಲಿಗಳ ಸ್ತನಗಡ್ಡೆಯ ಸುತ್ತಲಿನ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳನ್ನು ನೋಡಿತು. ಮೊದಮೊದಲು ಅವು ಗಡ್ಡೆಯನ್ನು ಬೇಲಿಯಂತೆ ಬಳಸಿದ್ದವು. ಕ್ಯಾನ್ಸರ್ ಹರಡುವ ಕಡೆಯಲ್ಲಿ ಬೇಲಿ ಕದಲಿ, ಎಳೆಗಳು ಗಡ್ಡೆಯಿಂದ ಹೊರಕ್ಕೆ ನೆಟ್ಟಗೆ ಚಾಚಿಕೊಂಡಿದ್ದವು. ಕ್ಯಾನ್ಸರ್ ಕೋಶಗಳು ಅವನ್ನೇ ಹಿಡಿದು ಹೊರಟಿದ್ದವು. ಎಳೆಗಳನ್ನು ಹಾಗೆ ನೆಟ್ಟಗಾಗಿಸುವುದು ಕೋಶಗಳ ಎಳೆತವೇ ಎಂಬುದು 2008ರಲ್ಲಿ ಖಚಿತವಾಯಿತು. ಒಮ್ಮೆ ಸಾಲು ಬಿದ್ದ ಮೇಲೆ, ಎಳೆಯುವ ಬಲವನ್ನು ಔಷಧಿಯಿಂದ ತಗ್ಗಿಸಿದರೂ ಕೋಶಗಳು ಅದೇ ದಾರಿ ಹಿಡಿದು ನಡೆದವು.